ಹಿಮ್ಮೇಳದ ಹಿರಿಮೆ

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಬುರ್ರಕಥೆಯ ಹೆಸರಾಂತ ಕಲಾವಿದೆ. ಓದುಬರಹ ತಿಳಿಯದಿದ್ದರೂ ಹನ್ನೆರಡು ಜನಪದ ಕಾವ್ಯಗಳು ಅವರಿಗೆ ಕಂಠಸ್ಥವಾಗಿದ್ದುವು. ಕಂಪ್ಲಿಯ ವೀರ ಕುಮಾರರಾಮನ ಕಥೆ ಅವುಗಳಲ್ಲೊಂದು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಅವರನ್ನು ಅರಸಿ ಬಂದುವು. 2014ರಲ್ಲಿ ಅವರು ನಿಧನರಾದರು.

ಆದರೆ ಬುರ್ರಕಥೆ ಒಬ್ಬರ ಕಲೆಯಲ್ಲ. ಮುಖ್ಯ ಗಾಯಕಿಯು ತಂಬೂರಿ ಮೀಟುತ್ತ ಕಥೆ ಹೇಳಿದರೆ, ಇಬ್ಬರು ಜೊತೆಗಾತಿಯರು ಡಿಮ್ಮಿ ಎಂಬ ಚರ್ಮವಾದ್ಯವನ್ನು ಬಾರಿಸುತ್ತ ದನಿಗೂಡಿಸುತ್ತಾರೆ. ದೀರ್ಘವಾದ ಕಥೆಗೆ ಆ ಪೆಟ್ಟೇ ನಡಿಗೆ. ಯುದ್ಧದ ಸನ್ನಿವೇಶದಲ್ಲಿ ಅದು ಚುರುಕಾಗುತ್ತದೆ, ಶೋಕದಲ್ಲಿ ತಗ್ಗುತ್ತದೆ. ಗಾಯಕಿಯು ಉಸಿರೆಳೆದು ಮುಂದಿನ ನುಡಿಯನ್ನು ನೆನೆಯುವಾಗ ಕಥೆಯ ಎಳೆ ಕಡಿಯದಂತೆ ಕಾಯುವುದೂ ಅದೇ. ಆದರೂ ಕೇಳಿದವರು ನೆನೆಯುವುದು ಹಾಡಿದವರ ಹೆಸರನ್ನು ಮಾತ್ರ.

ಈ ಮರೆವು ನಮ್ಮಲ್ಲಿ ಮಾತ್ರ ಇರುವುದಲ್ಲ. 1960ರ ದಶಕದಲ್ಲಿ ಲೋಕಪ್ರಸಿದ್ಧವಾದ ಇಂಗ್ಲೆಂಡಿನ ಬೀಟಲ್ಸ್ ತಂಡದ ನಾಲ್ವರನ್ನು ಅಮೆರಿಕದ ರಾಕ್ ಸಂಗೀತ ಸಂಸ್ಥೆಯೊಂದು 1988ರಲ್ಲಿ ಒಟ್ಟಾಗಿ ಗೌರವಿಸಿತು. ಮುಂದೆ ಅದು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಗೌರವಿಸಿದಾಗ, ಡ್ರಮ್ ವಾದಕ ರಿಂಗೊ ಸ್ಟಾರ್ ಅವರ ಸರದಿ ಬಂದುದು ಎಲ್ಲರಿಗಿಂತ ಕೊನೆಗೆ, 2015ರಲ್ಲಿ.

ಹಿಮ್ಮೇಳವನ್ನು ಹೊಗಳುವುದರಿಂದ ಈರಮ್ಮನವರ ಹಿರಿಮೆಗೆ ಕುಂದಿಲ್ಲ. ಏಳು ಶತಮಾನಗಳ ಹಿಂದಿನ ಕುಮಾರರಾಮನು ಜನಮನದಲ್ಲಿ ಉಳಿದುದಕ್ಕೆ ಹಾಡಿದ ಕೊರಳಿನಂತೆಯೇ ಡಿಮ್ಮಿ ಬಾರಿಸಿದ ಕೈಗಳೂ ಕಾರಣ. ಪದವನ್ನು ಬರೆದಿಡಬಹುದು, ಪೆಟ್ಟನ್ನಾದರೋ ಜೊತೆಯಲ್ಲಿ ಕುಳಿತೇ ಕಲಿಯಬೇಕು. ಆ ಕೈಗಳನ್ನು ನಾವು ಗುರುತಿಸದೆ ಹೋದರೆ ಪುಸ್ತಕದಲ್ಲಿ ಕಾವ್ಯ ಉಳಿದೀತು, ಬುರ್ರಕಥೆ ಉಳಿಯದು.