ಆಲ್-ಇನ್-ಒನ್ ಕಂಪ್ಯೂಟರ್ ಕೈಕೊಟ್ಟರೆ?



ಸಿಪಿಯು ಪೆಟ್ಟಿಗೆ, ಮಾನಿಟರ್ ಎರಡೂ ಒಂದೇ ಆಗಿರುವ ಆಲ್-ಇನ್-ಒನ್ ಕಂಪ್ಯೂಟರ್ ಮೈಲಾಪೂರಿನ ಸಣ್ಣ ಫ್ಲ್ಯಾಟುಗಳಿಗೆ ಬಲು ಅನುಕೂಲ. ನೋಡಲು ಟಿವಿಯಂತಿದ್ದರೂ ಇದನ್ನು ನೆಟ್ಟಗೆ ನಿಲ್ಲಿಸಿದ ಲ್ಯಾಪ್‌ಟಾಪ್ ಎಂದೇ ತಿಳಿಯಿರಿ. ಪರದೆಯ ಬೆನ್ನಿಗೇ ಮದರ್‌ಬೋರ್ಡ್, ಡಿಸ್ಕ್, ಪುಟ್ಟ ಫ್ಯಾನ್ ಇರುತ್ತವೆ. ಆದ್ದರಿಂದ ಒಂದು ಕೆಟ್ಟರೂ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಪರದೆ ಕಪ್ಪಾದ ಮಾತ್ರಕ್ಕೆ ಮೊಮ್ಮಕ್ಕಳ ಫೋಟೋ, ನೀವು ಟೈಪ್ ಮಾಡಿಟ್ಟ ಬರಹ ಹೋಯಿತೆಂದಲ್ಲ. ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ಮಾತ್ರ ಅವು ಖಂಡಿತ ಹೋಗುತ್ತವೆ!

ಇಡುವ ಜಾಗ: ನಮಗೆ ಸಮುದ್ರ ಹತ್ತಿರ. ಉಪ್ಪಿನ ಗಾಳಿ, ತೇವ ಎರಡೂ ಲೋಹಕ್ಕೆ ಶತ್ರು. ತೆರೆದ ಕಿಟಕಿಯ ಪಕ್ಕ, ದೇವರ ದೀಪ ಊದುಬತ್ತಿಗಳ ಪಕ್ಕ ಕಂಪ್ಯೂಟರ್ ಬೇಡ. ಗೋಡೆಯಿಂದ ಒಂದು ಗೇಣು ದೂರವಿರಲಿ. ಆನ್ ಇರುವಾಗ ಬಟ್ಟೆ ಹೊದಿಸಬೇಡಿ, ಬಿಸಿಗಾಳಿ ಹೊರಹೋಗುವುದು ಬೆನ್ನಿನ ಕಿಂಡಿಗಳಿಂದಲೇ. ಪರದೆಯ ಮೇಲೆ ನೇರವಾಗಿ ನೀರು ಚಿಮುಕಿಸದೆ, ಮೆತ್ತನೆಯ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಿ.

ಕರೆಂಟು: ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ನಮ್ಮಲ್ಲಿ ಗುಡುಗು ಮಳೆ. 2016ರ ಡಿಸೆಂಬರಿನಲ್ಲಿ ವರ್ಧಾ ಚಂಡಮಾರುತ ಬಂದಾಗ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಚಿಕ್ಕದೊಂದು ಯುಪಿಎಸ್ ಇಟ್ಟುಕೊಳ್ಳಿ. ಸಿಡಿಲಿನ ಸೂಚನೆ ಸಿಕ್ಕ ಕೂಡಲೇ ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲನ್ನೂ ಕಳಚಿಡಿ. ಕರೆಂಟು ಮರಳಿ ಬಂದಾಗ ಹತ್ತು ನಿಮಿಷ ತಡೆದು ಆನ್ ಮಾಡಿ.

ಪರದೆ ಕಪ್ಪಾದರೆ: ಮೊದಲು ಅದೇ ಸಾಕೆಟ್ಟಿಗೆ ಬೇರೇನನ್ನಾದರೂ ಹಾಕಿ ನೋಡಿ. ಪ್ಲಗ್ ತೆಗೆದು, ಪ್ರಿಂಟರ್ ಪೆನ್‌ಡ್ರೈವ್‌ಗಳನ್ನೆಲ್ಲ ಕಳಚಿ, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುವುದುಂಟು! ಫ್ಯಾನಿನ ಸದ್ದಿದ್ದೂ ಚಿತ್ರವಿಲ್ಲದಿದ್ದರೆ, ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮಂದವಾಗಿ ಚಿತ್ರ ಕಂಡರೆ ಹೋಗಿರುವುದು ಪರದೆಯ ಹಿಂಬೆಳಕು ಅಷ್ಟೇ, ಕಂಪ್ಯೂಟರ್ ಕೆಲಸ ಮಾಡುತ್ತಿದೆ.

ತಾರೀಖು ಪದೇಪದೇ ಹಿಂದಕ್ಕೆ ಹೋಗಿ ವೆಬ್‌ಸೈಟ್‌ಗಳು ತಕರಾರು ಮಾಡುತ್ತಿವೆಯೇ? ಒಳಗಿನ ಗುಂಡಿ ಬ್ಯಾಟರಿ ಮುಗಿದಿರಬೇಕು. ಸಾಮಾನ್ಯವಾಗಿ ಅದು ಸಿಆರ್ 2032, ದುಬಾರಿಯೇನಲ್ಲ.

ನಿಧಾನವಾದರೆ: ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಕಂಪ್ಯೂಟರಿಗೆ ಹೊಸ ಜೀವ ಬರುತ್ತದೆ. ಮಾಡೆಲ್ ನಂಬರ್ ಬರೆದುಕೊಂಡು ರಿಚ್ಚಿ ಸ್ಟ್ರೀಟಿನಲ್ಲಿ ವಿಚಾರಿಸಿ. ಎಲ್ಲ ಮಾಡೆಲ್‌ಗಳಲ್ಲೂ ಇದು ಸಾಧ್ಯವಿಲ್ಲ. 2021ರಿಂದ ಬಂದ ಆಪಲ್ ಐಮ್ಯಾಕ್‌ಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು. ಪರದೆಯ ಗಾಜನ್ನು ಅಂಟಿಸಿರುವ ಮಾಡೆಲ್‌ಗಳನ್ನು ಮನೆಯಲ್ಲಿ ಬಿಚ್ಚಲು ಹೋಗಲೇಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಖರ್ಚು ಮಾಡುವ ಮುನ್ನ ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂದು ಕೇಳಿಕೊಳ್ಳಿ.

ರಿಪೇರಿಗೆ ಕೊಡುವ ಮುನ್ನ: "ಮೊದಲು ನನ್ನ ಫೈಲುಗಳ ಕಾಪಿ, ಆಮೇಲೆ ರಿಪೇರಿ. ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಅಂಗಡಿಯವರಿಗೆ ಹೇಳಿ, ರಸೀದಿಯ ಮೇಲೂ ಬರೆಸಿ. ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಈಗಲೇ ಕಾಗದದಲ್ಲಿ ಬರೆದಿಡಿ. ಅದಿಲ್ಲದೆ ಡಿಸ್ಕ್ ಚೆನ್ನಾಗಿದ್ದರೂ ತೆರೆಯದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟುಗಳನ್ನೂ ಜೊತೆಗೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಯೂನಿಕೋಡಿಗೆ ಬದಲಾಯಿಸಿಟ್ಟರೆ ಇನ್ನೂ ಒಳ್ಳೆಯದು.

ಕೆಟ್ಟ ಪರದೆಗೆ ಬದಲಿ ಅಂಗಡಿಯಲ್ಲಿ ಸಿಕ್ಕೀತು, ಅಳಿಸಿಹೋದ ಫೋಟೋಗೆ ಬದಲಿ ಎಲ್ಲಿ? ಈ ಭಾನುವಾರವೇ ಒಂದು ಕಾಪಿ ತೆಗೆದಿಡಿ.