ಹಬ್ಬ ಜಾತ್ರೆಗಳ ಕಾಲದಲ್ಲಿ ದನಕರುಗಳ ಪಾಲನೆ

ವರ್ಷಕ್ಕೆ ಕೆಲವು ದಿನಗಳಾದರೂ ದನಕರುಗಳನ್ನು ದೇವರೆಂದು ಪೂಜಿಸುವ ಸಂಪ್ರದಾಯವು ಕನ್ನಡ ನಾಡಿನ ಬೇಸಾಯಗಾರರಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ದಿನ ದನಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವರು. ಉತ್ತರದ ಜಿಲ್ಲೆಗಳಲ್ಲಿ ಕಾರ ಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವರು. ದೀಪಾವಳಿಯ ಬಲಿಪಾಡ್ಯಮಿಯಂದು ಗೋಪೂಜೆಯು ನಡೆಯುವುದು. ಇವೆಲ್ಲವೂ ದುಡಿಯುವ ಪ್ರಾಣಿಗೆ ಯಜಮಾನನು ಸಲ್ಲಿಸುವ ಕೃತಜ್ಞತೆಯ ಗುರುತುಗಳೆಂಬುದರಲ್ಲಿ ಸಂದೇಹವಿಲ್ಲ. ಹೀಗಿದ್ದರೂ, ಪೂಜೆ ಮಾಡಿಸಿಕೊಂಡ ಹಸುವೇ ಮರುದಿನ ಮೇವು ಬಿಟ್ಟು ಮಲಗುವುದು, ಸಿಂಗರಿಸಿದ ಎತ್ತೇ ಹಗ್ಗ ಹರಿದುಕೊಂಡು ಓಡಿ ಕಾಲು ಮುರಿದುಕೊಳ್ಳುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಇದಕ್ಕೆ ಕಾರಣವನ್ನು ದೃಷ್ಟಿ ತಾಗಿದ್ದರಲ್ಲಿ ಹುಡುಕುವುದಕ್ಕಿಂತ, ಹಬ್ಬದ ದಿನ ಕೊಟ್ಟಿಗೆಯಲ್ಲಿ ಏನೇನು ಬದಲಾಯಿತೆಂಬುದನ್ನು ವಿಚಾರಿಸುವುದು ಮೇಲು.

ಮನುಷ್ಯನಿಗೆ ಬದಲಾವಣೆಯೇ ಹಬ್ಬ. ಪಶುವಿಗಾದರೋ ಅದೇ ಮೇವು, ಅದೇ ನೀರು, ಅದೇ ವೇಳೆ, ಅದೇ ಕೈ ಇದ್ದರೆ ನೆಮ್ಮದಿ. ಹಬ್ಬದ ದಿನ ಈ ನಾಲ್ಕೂ ಒಮ್ಮೆಗೇ ತಪ್ಪುತ್ತವೆ. ಮೇವಿನ ಬದಲು ಪಕ್ವಾನ್ನ ಬೀಳುವುದು. ಕೆಲಸದ ಗಡಿಬಿಡಿಯಲ್ಲಿ ನೀರು ತಡವಾಗುವುದು. ಹಾಲು ಕರೆಯುವ ವೇಳೆ ಮುಂದೆ ಹೋಗುವುದು. ನಿತ್ಯ ನೋಡಿಕೊಳ್ಳುವ ಆಳು ತನ್ನ ಊರಿಗೆ ಹೋಗಿರುವನು. ಆದಕಾರಣ ಈ ನಾಲ್ಕನ್ನು ಕಾಪಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

೧. ಮೇವು

ಹಬ್ಬದ ಅಪಾಯಗಳಲ್ಲೆಲ್ಲ ದೊಡ್ಡದು ಪ್ರೀತಿಯಿಂದ ತಿನ್ನಿಸುವ ಅನ್ನವೇ. ಹಸು, ಎಮ್ಮೆ, ಎತ್ತು, ಆಡು, ಕುರಿ ಇವುಗಳ ಹೊಟ್ಟೆಯಲ್ಲಿ ನಾಲ್ಕು ಭಾಗಗಳುಂಟು. ಮೊದಲನೆಯದು ಅತಿ ದೊಡ್ಡದು. ದೊಡ್ಡ ಹಸುವಿನಲ್ಲಿ ಅದು 100 ಲೀಟರಿಗೂ ಮಿಕ್ಕಿ ಹಿಡಿಯುವುದು. ಅದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ನೆಲಸಿದ್ದು, ಹುಲ್ಲನ್ನು ಹದವಾಗಿ ಕೊಳೆಯಿಸಿ ಪಶುವಿಗೆ ಆಹಾರವಾಗಿ ಮಾಡಿಕೊಡುತ್ತವೆ. ಅಂದರೆ ಯಜಮಾನನು ಮೇವು ಹಾಕುವುದು ಮೊದಲು ಈ ಜೀವಿಗಳಿಗೆ, ಅನಂತರ ಹಸುವಿಗೆ. ಹುಲ್ಲಿಗೆ ಒಗ್ಗಿಕೊಂಡಿರುವ ಈ ಜೀವಿಗಳು ಬೇರೆ ಆಹಾರಕ್ಕೆ ಒಗ್ಗಬೇಕಾದರೆ ಒಂದೆರಡು ವಾರಗಳು ಬೇಕು.

ಹೀಗಿರುವಾಗ ಒಂದೇ ಹೊತ್ತಿನಲ್ಲಿ ಒಂದು ಬಕೆಟ್ಟಿನಷ್ಟು ಅನ್ನ, ಹುಗ್ಗಿ, ಹೋಳಿಗೆ, ಬೆಲ್ಲ, ಬಾಳೆಹಣ್ಣುಗಳನ್ನು ಗೋದಲಿಗೆ ಸುರಿದರೆ, ಹುಳಿಯನ್ನು ಹುಟ್ಟಿಸುವ ಜೀವಿಗಳು ವಿಪರೀತವಾಗಿ ವೃದ್ಧಿಯಾಗಿ ಹೊಟ್ಟೆಯೆಲ್ಲ ಹುಳಿಯಾಗುತ್ತದೆ. ಬೇಯಿಸಿದ ಅನ್ನವು ಹಸಿಯ ಕಾಳಿಗಿಂತಲೂ ಬೇಗನೆ ಹುಳಿಯುವುದು. ರೋಗದ ಲಕ್ಷಣಗಳು ಸಾಮಾನ್ಯವಾಗಿ ಅರ್ಧ ದಿನದಿಂದ ಒಂದೂವರೆ ದಿನದೊಳಗೆ ತೋರುತ್ತವೆ. ಮೊದಲು ಹಸು ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ, ಮೇವು ಮುಟ್ಟುವುದಿಲ್ಲ, ಎಡಪಕ್ಕೆಯ ಮೇಲೆ ಕೈಯಿಟ್ಟರೆ ಹೊಟ್ಟೆಯ ಚಲನೆ ತಿಳಿಯುವುದಿಲ್ಲ. ಅನಂತರ ಹುಳಿ ವಾಸನೆಯ ನೀರು ಭೇದಿ, ಒಳಕ್ಕೆ ಇಳಿದ ಕಣ್ಣು, ತೂರಾಡುವ ನಡಿಗೆ ಕಾಣಿಸಿಕೊಂಡು, ಕಡೆಗೆ ನೆಲ ಹಿಡಿಯುತ್ತದೆ. ಚಿಕಿತ್ಸೆ ತಡವಾದರೆ ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಬದುಕಿ ಉಳಿದವುಗಳಲ್ಲಿಯೂ ಗೊರಸಿನ ಒಳಭಾಗ ಬಾತು ಕುಂಟುವುದುಂಟು. ಗಬ್ಬದ ಹಸು ಕಂದು ಹಾಕುವುದುಂಟು.

ಈ ಲಕ್ಷಣಗಳು ಕಂಡ ಕೂಡಲೆ ಉಳಿದ ಅನ್ನವನ್ನು ತೆಗೆದುಹಾಕಿ, ಒಣಹುಲ್ಲನ್ನು ಮಾತ್ರ ಮುಂದಿಟ್ಟು, ಪಶುವೈದ್ಯರನ್ನು ಕರೆಯಿಸತಕ್ಕದ್ದು. ಎಷ್ಟು ಹೊತ್ತಿಗೆ, ಏನನ್ನು, ಎಷ್ಟು ತಿಂದಿತೆಂಬುದನ್ನು ಮರೆಮಾಚದೆ ಅವರಿಗೆ ತಿಳಿಸಬೇಕು. ಪೂಜೆಯ ಪ್ರಸಾದವೆಂಬ ಸಂಕೋಚದಿಂದ ಇದನ್ನು ಮುಚ್ಚಿಟ್ಟರೆ ಚಿಕಿತ್ಸೆಯ ದಾರಿಯೇ ತಪ್ಪುವುದು.

ಸಂಕ್ರಾಂತಿಯ ಕಾಲದಲ್ಲಿ ಹಸಿಯ ಅವರೆ ಸಿಪ್ಪೆ ಹಳ್ಳಿಯಲ್ಲಿ ರಾಶಿಯಾಗಿ ಬೀಳುವುದಷ್ಟೆ. ಹಸಿದ ದನ ಅದನ್ನು ಯಥೇಚ್ಛವಾಗಿ ತಿಂದರೆ ಹೊಟ್ಟೆಯಲ್ಲಿ ವಾಯು ತುಂಬಿ ಎಡಪಕ್ಕೆ ತಮಟೆಯಂತೆ ಬಿಗಿಯುತ್ತದೆ. ಇದೇ ಹೊಟ್ಟೆಯುಬ್ಬರ. ವೈದ್ಯರು ಬರುವವರೆಗೆ ದನದ ಮುಂಗಾಲುಗಳು ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ದೊಡ್ಡ ದನಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರಿನವರೆಗೆ ಅಡುಗೆಯ ಎಣ್ಣೆಯನ್ನು ನಿಧಾನವಾಗಿ ಕುಡಿಸಬಹುದು. ತಲೆಯನ್ನು ಅತಿಯಾಗಿ ಎತ್ತುವುದಾಗಲಿ, ನಾಲಿಗೆಯನ್ನು ಹೊರಕ್ಕೆ ಎಳೆಯುವುದಾಗಲಿ ಕೂಡದು. ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಬೇರೆ ಕೇಡಾಗುವುದು.

ಊಟದ ಎಲೆಗಳನ್ನೂ ಎಂಜಲನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯುವ ಅಭ್ಯಾಸವು ಹಳ್ಳಿಗಳಿಗೂ ಬಂದಿದೆ. ದನವು ಅನ್ನದ ಆಸೆಗೆ ಚೀಲವನ್ನೂ ನುಂಗುತ್ತದೆ. ಅದು ಕರಗದೆ ಹೊಟ್ಟೆಯಲ್ಲಿಯೇ ಉಳಿದು ವರ್ಷಗಟ್ಟಲೆ ಪಶುವನ್ನು ಸೊರಗಿಸುವುದು. ಎಂಜಲಿಗೆ ತಿಪ್ಪೆಗುಂಡಿಯೇ ಸರಿಯಾದ ಸ್ಥಳ, ಅದೂ ಚೀಲವಿಲ್ಲದೆ.

ನೈವೇದ್ಯವನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಮೊದಲು ನಿತ್ಯದ ಒಣಹುಲ್ಲನ್ನು ಹೊಟ್ಟೆ ತುಂಬ ತಿನ್ನಿಸಿ, ಆಮೇಲೆ ಒಂದು ಹಿಡಿ ಪ್ರಸಾದ ಕೊಟ್ಟರೆ ಯಾವ ಬಾಧಕವೂ ಇಲ್ಲ. ಮನೆಯಲ್ಲಿ ಹತ್ತು ಮಂದಿಯಿದ್ದರೆ ಹತ್ತು ಮಂದಿಯೂ ಬೇರೆ ಬೇರೆ ತಿನ್ನಿಸದಂತೆ ಯಜಮಾನನು ನೋಡಿಕೊಳ್ಳಬೇಕು. ಪೂಜೆಗೆ ಹಿಡಿ ಸಾಕು, ಹೊಟ್ಟೆಗೆ ಹುಲ್ಲೇ ಬೇಕು.

೨. ನೀರು ಮತ್ತು ಹಾಲು ಕರೆಯುವ ವೇಳೆ

ಹಬ್ಬದ ದಿನ ನೀರಿನ ಬಾನಿಯನ್ನು ಬೆಳಗ್ಗೆಯೇ ತುಂಬಿಸಿಡುವುದು ಒಳ್ಳೆಯದು. ಹಾಲು ಕರೆಯುವ ವೇಳೆಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಕೆಚ್ಚಲಲ್ಲಿ ಹಾಲು ಬಹಳ ಹೊತ್ತು ನಿಂತರೆ ಹಸುವಿಗೆ ನೋವು, ಕೆಚ್ಚಲು ಬಾವಿಗೂ ಅವಕಾಶ. ಹೊಸಬನು ಕರೆಯುವುದಾದರೆ ಹಬ್ಬಕ್ಕೆ ನಾಲ್ಕಾರು ದಿನ ಮೊದಲೇ ಹಳೆಯ ಆಳಿನ ಜೊತೆಯಲ್ಲಿ ಕೊಟ್ಟಿಗೆಗೆ ಬಂದು ಹಸುವಿಗೆ ಪರಿಚಿತನಾಗಿರಬೇಕು. ಮನೆಮಂದಿಯೆಲ್ಲ ಜಾತ್ರೆಗೋ ಮದುವೆಗೋ ಹೊರಡುವಾಗ ನೆರೆಯವರಿಗೆ ಬಾಯಿಮಾತಿನಲ್ಲಿ ಹೇಳಿ ಹೋಗುವುದಕ್ಕಿಂತ, ಯಾವ ಹಸುವಿಗೆ ಎಷ್ಟು ಹಿಂಡಿ, ಎಷ್ಟು ಬೂಸಾ, ಎಷ್ಟು ಹೊತ್ತಿಗೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಕೊಟ್ಟಿಗೆಯ ಕಂಬಕ್ಕೆ ಅಂಟಿಸುವುದು ಮೇಲು.

೩. ಶಬ್ದ ಮತ್ತು ಬೆಂಕಿ

ಮನುಷ್ಯನ ಕಿವಿಗೆ ಕೇಳದ ಎಷ್ಟೋ ತೀಕ್ಷ್ಣ ಧ್ವನಿಗಳು ದನಗಳಿಗೆ ಕೇಳಿಸುತ್ತವೆ. ನಾಯಿಗೆ ಇನ್ನೂ ಹೆಚ್ಚು. ಪಟಾಕಿಯು ಸಿಡಿಯುವ ಕಾರಣವನ್ನು ತಿಳಿಯದ ಪ್ರಾಣಿಗೆ ಅದು ಮೈಮೇಲೆ ಬಿದ್ದ ಅಪಾಯವೇ ಸರಿ. ಹೆದರಿದ ಹಸುವಿನ ರಕ್ತದಲ್ಲಿ ಭಯದ ರಸವು ಸೇರಿ, ಹಾಲಿಳಿಸುವ ರಸದ ಕೆಲಸವನ್ನು ತಡೆಯುವುದು. ಹಸು ಹಾಲನ್ನು ಕಳ್ಳತನದಿಂದ ಬಚ್ಚಿಟ್ಟಿತೆಂದು ಹೊಡೆಯುವವರು ಈ ಸಂಗತಿಯನ್ನು ತಿಳಿದಿರಬೇಕು. ಹೊಡೆದಷ್ಟೂ ಹಾಲು ಮೇಲೇರುವುದೇ ಹೊರತು ಇಳಿಯದು.

ಆದಕಾರಣ ದೀಪಾವಳಿಯ ದಿನಗಳಲ್ಲಿ ಸಂಜೆಯ ಹಾಲನ್ನು ಪಟಾಕಿಗಳ ಗದ್ದಲ ಆರಂಭವಾಗುವುದಕ್ಕೆ ಮೊದಲೇ ಕರೆದು ಮುಗಿಸಬೇಕು. ಬಯಲಿನಲ್ಲಿ ಕಟ್ಟಿರುವ ದನಗಳನ್ನು ಒಳಕ್ಕೆ ತಂದು, ಜೊತೆಗಾರ ಎತ್ತುಗಳನ್ನು ಅಗಲಿಸದೆ ಒತ್ತಿಗೆ ಕಟ್ಟಿ, ಮುಂದೆ ಹುಲ್ಲು ಹಾಕಬೇಕು. ಕಣ್ಣಿಯನ್ನೂ ಮೂಗುದಾರವನ್ನೂ ಹಗಲಿನಲ್ಲಿಯೇ ಪರೀಕ್ಷಿಸಿ ಸವೆದುದನ್ನು ಬದಲಿಸಬೇಕು. ಹಗ್ಗವು ದನ ಮಲಗಿ ಏಳುವಷ್ಟು ಉದ್ದವಿರಲಿ. ಕಾಲಿಗೆ ಸುತ್ತಿಕೊಳ್ಳುವಷ್ಟು ಬೇಡ. ಕೊಟ್ಟಿಗೆಯಲ್ಲಿ ಒಂದು ದೀಪ ಉರಿಯುತ್ತಿದ್ದರೆ ಹೊರಗಿನ ಮಿಂಚು ಅಷ್ಟಾಗಿ ಬೆಚ್ಚಿಸದು. ಪರಿಚಿತನೊಬ್ಬನು ಹತ್ತಿರದಲ್ಲಿದ್ದು ಮೈ ಸವರುತ್ತಿದ್ದರೆ ಇನ್ನೂ ಉತ್ತಮ.

2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಗಂಟೆಯವರೆಗೆಂದು ಅವಧಿ ಗೊತ್ತುಮಾಡಿತು. ಈ ಅವಧಿಯನ್ನು ಊರವರು ಪಾಲಿಸಿದರೆ ದನಗಳಿಗೆ ರಾತ್ರಿಯ ವಿಶ್ರಾಂತಿಯಾದರೂ ಉಳಿಯುವುದು. ಆಕಾಶಬಾಣದ ಒಂದು ಕಿಡಿ ಬಣವೆಯ ಮೇಲೆ ಬಿದ್ದರೆ ಇಡೀ ವರ್ಷದ ಮೇವು ಬೂದಿಯಾಗುವುದರಿಂದ, ಸುಡುವ ಸ್ಥಳವು ಕೊಟ್ಟಿಗೆ ಬಣವೆಗಳಿಂದ ದೂರವಾದ ಬಯಲಾಗಿರತಕ್ಕದ್ದು.

ಕಿಚ್ಚು ಹಾಯಿಸುವಲ್ಲಿ ಗಬ್ಬದ ಹಸು, ಹಾಲು ಕರೆಯುವ ಹಸು, ಎಳೆಗರು, ಮುದಿ ಎತ್ತು ಇವುಗಳನ್ನು ಓಡಿಸಲೇಕೂಡದು. ಕೆಚ್ಚಲಿಗೆ ಬೆಂಕಿ ತಗಲಿದರೆ ಆ ಹಸುವಿನ ಹಾಲಿಗೇ ಸಂಚಕಾರ. ಪ್ಲಾಸ್ಟಿಕ್ ಹಾರ, ನೈಲಾನು ದಾರ, ಹಸಿಯ ಬಣ್ಣ ಇವು ಬೇಗನೆ ಹತ್ತಿಕೊಳ್ಳುವುದರಿಂದ ಕಿಚ್ಚಿನ ಬಳಿ ಸುಳಿಯಬಾರದು. ಊರ ಹಿರಿಯರು ಒಪ್ಪಿ, ದನಗಳನ್ನು ಕಿಚ್ಚಿನ ಪಕ್ಕದಲ್ಲಿ ಒಂದೊಂದಾಗಿ ನಡೆಸಿಕೊಂಡು ಹೋಗುವ ಪದ್ಧತಿಯನ್ನು ರೂಢಿಗೆ ತಂದರೆ ಸಂಪ್ರದಾಯವೂ ಉಳಿಯುವುದು, ದನವೂ ಉಳಿಯುವುದು.

೪. ಅಲಂಕಾರ

ದನಗಳು ಒಂದರ ಕೋಡನ್ನು ಮತ್ತೊಂದು ನೆಕ್ಕುವ ಸ್ವಭಾವದವು. ಕೆಲವು ಎಣ್ಣೆಬಣ್ಣಗಳಲ್ಲಿ ಸೀಸವಿರುವುದರಿಂದ ವಿಷವಾಗಬಹುದು. ಅರಿಸಿನವೂ ಕೆಮ್ಮಣ್ಣೂ ಸಾಕಷ್ಟು ಶೋಭೆ ಕೊಡುತ್ತವೆ. ಕೊರಳ ಗಂಟೆಗಳನ್ನೂ ಕೋಡಣಸುಗಳನ್ನೂ ರಾತ್ರಿ ಕಟ್ಟುವುದಕ್ಕೆ ಮೊದಲು ಬಿಚ್ಚಿಡಬೇಕು.

೫. ಕಾವಲಿನ ನಾಯಿ

ಮನೆಯ ಮಂದಿಯ ಬಾಯಲ್ಲಿ ಹೆಚ್ಚು ಹೆಸರು ಬರದಿದ್ದರೂ ರಾತ್ರಿಯೆಲ್ಲ ಕಣವನ್ನು ಕಾಯುವುದು ನಾಯಿಯೇ. ಪಟಾಕಿಗೆ ಹೆದರಿದ ನಾಯಿ ದಿಕ್ಕುಗೆಟ್ಟು ಓಡಿ ಮರಳಿ ಬಾರದಿರಬಹುದು. ಕತ್ತಲಾಗುವ ಮೊದಲೇ ಅದಕ್ಕೆ ಊಟ ಹಾಕಿ, ಒಳಕೋಣೆಯಲ್ಲಿ ತನಗೆ ಅಭ್ಯಾಸವಾದ ಗೋಣಿಯ ಮೇಲೆ ಮಲಗಿಸಿ, ಬಾಗಿಲು ಹಾಕಬೇಕು. ಮಂಚದ ಕೆಳಗೆ ನುಸುಳಿದರೆ ಎಳೆಯಬಾರದು. ಹೆದರಿದ ನಾಯಿ ಯಜಮಾನನನ್ನೂ ಕಚ್ಚುವುದು. ಈರುಳ್ಳಿ, ಒಣದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷಪ್ರಾಯವಾದುದರಿಂದ ಹಬ್ಬದಡಿಗೆಯ ಉಳಿಕೆಯನ್ನೆಲ್ಲ ಅದರ ಮುಂದೆ ಸುರಿಯಬಾರದು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ತಪ್ಪದೆ ಹಾಕಿಸಿರಬೇಕು. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಒಡನೆಯೇ ಆಸ್ಪತ್ರೆಗೆ ಕಳುಹಿಸತಕ್ಕದ್ದು.

೬. ಜಾತ್ರೆಯ ಪ್ರಯಾಣ

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಮೊದಲಾದ ದನದ ಜಾತ್ರೆಗಳಲ್ಲಿ ಹಳ್ಳಿಕಾರ್ ಎತ್ತುಗಳ ಜೊತೆಗೆ ರೋಗಗಳೂ ಕೈ ಬದಲಾಯಿಸುವುದುಂಟು. 2022ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ಕರ್ನಾಟಕದಲ್ಲಿ ದನದ ಜಾತ್ರೆಗಳನ್ನೇ ನಿಷೇಧಿಸಬೇಕಾಯಿತು. ಕಾಲುಬಾಯಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಮೂರು ವಾರ ಮೊದಲೇ ಹಾಕಿಸಬೇಕು. ಹೊರಡುವ ದಿನ ಹಾಕಿಸಿದ ಲಸಿಕೆಯಿಂದ ಜಾತ್ರೆಯಲ್ಲಿ ರಕ್ಷಣೆ ದೊರೆಯದು. ಮನೆಯ ಹುಲ್ಲನ್ನೇ ಸ್ವಲ್ಪ ಕೊಂಡೊಯ್ದು ಅಲ್ಲಿನ ಮೇವಿನೊಡನೆ ಬೆರಸಿ ಕೊಡಬೇಕು. ಚರ್ಮಗಂಟು ರೋಗವು ಹೊರತೋರಲು ನಾಲ್ಕು ವಾರದವರೆಗೂ ಹಿಡಿಯಬಹುದಾದುದರಿಂದ, ಕೊಂಡು ತಂದ ದನವನ್ನು ಅಷ್ಟು ಕಾಲ ಪ್ರತ್ಯೇಕವಾಗಿ ಕಟ್ಟುವುದು ಕ್ಷೇಮ.

೭. ಗ್ರಾಮದ ಮುಖಂಡರ ಕರ್ತವ್ಯ

ಒಬ್ಬ ರೈತನು ಎಷ್ಟು ಎಚ್ಚರಿಕೆಯಿಂದಿದ್ದರೂ ನೆರೆಮನೆಯ ಪಟಾಕಿಯನ್ನು ತಾನೊಬ್ಬನೇ ತಡೆಯಲಾರನು. ಇಲ್ಲಿ ಮುಖಂಡರ ಮಾತಿಗೆ ಬೆಲೆಯುಂಟು. ಹಬ್ಬಕ್ಕೆ ಒಂದು ವಾರ ಮೊದಲೇ ಡಂಗುರ ಹೊಡೆಯಿಸಿ ಪಟಾಕಿಯ ಬಯಲನ್ನೂ ವೇಳೆಯನ್ನೂ ಸಾರಿಸಬೇಕು; ಎಂಜಲೆಲೆಗೆ ಗುಂಡಿ ತೋಡಿಸಬೇಕು; ಪಶುಸಂಜೀವಿನಿ ವಾಹನದ 1962 ಎಂಬ ದೂರವಾಣಿ ಸಂಖ್ಯೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿಸಬೇಕು. ಹೊಲವಿಲ್ಲದೆ ಒಂದೇ ಹಸುವಿನ ಹಾಲನ್ನು ನಂಬಿ ಬಾಳುವ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಆ ಹಸು ಬಿದ್ದರೆ ಆ ಮನೆಗೆ ಮುಂದಿನ ಹಬ್ಬವಿಲ್ಲ. ಮೊದಲು ಮುಖಂಡರೂ ಜಮೀನುದಾರರೂ ತಮ್ಮ ಕೊಟ್ಟಿಗೆಗಳಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದರೆ, ಉಳಿದವರು ಕೇಳಿಸಿಕೊಳ್ಳದೆ ಇರಲಾರರು.