ಅಸ್ಥಿಪಂಜರ: ತಪ್ಪು ಕಲ್ಪನೆಯೂ ಸತ್ಯವೂ

ಕಾಲೇಜಿನ ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ ತಂತಿಯಿಂದ ಬಿಗಿದು ತೂಗಹಾಕಿರುವ ಅಸ್ಥಿಪಂಜರವು ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಶರೀರರಚನೆಯನ್ನು ಕಲಿಸಿದೆಯೆಂಬುದು ದಿಟವಾದರೂ, ಅದರಿಂದ ಹಬ್ಬಿದ ಭ್ರಾಂತಿಗಳೂ ಅಲ್ಪವಲ್ಲ. ಬೆಳ್ಳಗೆ ಒಣಗಿ ನಿಂತ ಆ ಆಕೃತಿಯನ್ನು ಕಂಡವರು, ಮೂಳೆಯೆಂದರೆ ಮಾಂಸವನ್ನು ಹೊರುವುದಕ್ಕಷ್ಟೇ ನೆಟ್ಟ ನಿರ್ಜೀವ ಕಂಬವೆಂದು ಬಗೆಯುವುದು ಸಹಜವೇ ಸರಿ.

ಜೀವಂತ ಮೂಳೆಯಾದರೋ ರಕ್ತನಾಳಗಳೂ ನರಗಳೂ ಹೊಕ್ಕು ಹರಡಿದ, ನಸುಗೆಂಪು ಛಾಯೆಯ, ತೇವವುಳ್ಳ ಪದಾರ್ಥ. ನಮ್ಮ ರಕ್ತಕಣಗಳು ಹುಟ್ಟತಕ್ಕದ್ದು ಅದರೊಳಗಿನ ಕೆಂಪು ಮಜ್ಜೆಯಲ್ಲಿಯೇ. ಅದು ಬರಿಯ ಸುಣ್ಣದ ಗಟ್ಟಿಯಲ್ಲವೆಂಬುದನ್ನು ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಮಾಂಸ ಬಿಡಿಸಿ ತೊಳೆದ ಕೋಳಿಯ ಕಾಲಿನ ಮೂಳೆಯೊಂದನ್ನು ವಿನೆಗರಿನಲ್ಲಿ ಮುಳುಗಿಸಿ, ದ್ರವವನ್ನು ಆಗಾಗ ಬದಲಿಸುತ್ತ ಕೆಲವು ದಿನ ಬಿಟ್ಟರೆ, ಆಮ್ಲವು ಖನಿಜಾಂಶವನ್ನು ಕರಗಿಸಿ ಕೊಲ್ಯಾಜನ್ ಎಂಬ ಪ್ರೋಟೀನಿನ ನಾರನ್ನು ಮಾತ್ರ ಉಳಿಸುವುದರಿಂದ, ನೋಡಲು ಹಾಗೆಯೇ ಇರುವ ಆ ಮೂಳೆಯು ಬೆರಳಿನ ಒತ್ತಡಕ್ಕೆ ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ನಾರು ಉರಿದುಹೋಗಿ, ಉಳಿದ ಖನಿಜವು ಹಿಸುಕಿದೊಡನೆ ಪುಡಿಯಾಗುತ್ತದೆ. ಎರಡೂ ಕೂಡಿದಲ್ಲಿ ಮಾತ್ರ ಮೂಳೆಗೆ ಬಲ.

ಮನುಷ್ಯನಿಗೆ 206 ಮೂಳೆಗಳೆಂದು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಇದು ಪ್ರಾಯಕ್ಕೆ ಬಂದವರ ಸಾಮಾನ್ಯ ಲೆಕ್ಕವೇ ಹೊರತು ಎಲ್ಲ ವಯಸ್ಸಿಗೂ ಸಲ್ಲುವುದಲ್ಲ. ಹುಟ್ಟುವಾಗ 270ರಿಂದ 300ರವರೆಗೆ ಇರುವ ಬಿಡಿ ಭಾಗಗಳು ಬೆಳೆಯುತ್ತ ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ಬೆನ್ನೆಲುಬಿನಲ್ಲಿ ಮೊದಲಿದ್ದ 33 ಮಣಿಗಳ ಪೈಕಿ ಕೆಳಗಿನ ಐದು ಸೇರಿ ತ್ರಿಕಾಸ್ಥಿಯಾಗಿ, ತುದಿಯ ನಾಲ್ಕು ಸೇರಿ ಬಾಲದೆಲುಬಾಗಿ, ಒಟ್ಟು 26 ಉಳಿಯುತ್ತವೆ. ಆ 206ರಲ್ಲಿ 106 ಹಸ್ತಪಾದಗಳಲ್ಲಿಯೇ ಇವೆಯೆಂಬುದನ್ನು ಎಷ್ಟು ಜನ ಗಮನಿಸಿದ್ದಾರೋ ಕಾಣೆ. ಸುಶ್ರುತಸಂಹಿತೆಯಲ್ಲಿ 300, ಚರಕಸಂಹಿತೆಯಲ್ಲಿ 360 ಎಂದಿರುವುದನ್ನು ಕಂಡು ನಗುವವರುಂಟು. ಸುಶ್ರುತನು ಹಲ್ಲುಗಳನ್ನೂ ತರುಣಾಸ್ಥಿಯೆಂಬ ಮೃದ್ವಸ್ಥಿಗಳನ್ನೂ, ಚರಕನು ಹಲ್ಲುಗಳೊಡನೆ ಉಗುರುಗಳನ್ನೂ ಲೆಕ್ಕಕ್ಕೆ ಹಿಡಿದಿದ್ದರೆಂದು ತಿಳಿದ ಮೇಲೆ ಆ ನಗೆಗೆ ಎಡೆಯಿಲ್ಲ.

ಗಂಡಸಿಗೆ ಹೆಂಗಸಿಗಿಂತ ಒಂದು ಪಕ್ಕೆಲುಬು ಕಡಿಮೆಯೆಂಬ ನಂಬಿಕೆಯು, ಆದಮನ ಪಕ್ಕೆಲುಬಿನಿಂದ ಸ್ತ್ರೀಸೃಷ್ಟಿಯಾಯಿತೆಂಬ ಬೈಬಲಿನ ಕಥೆಯನ್ನಾಧರಿಸಿ ಯೂರೋಪಿನಲ್ಲಿ ಬಹುಕಾಲ ನಿಂತಿತ್ತು. ಇಬ್ಬರಿಗೂ ಹನ್ನೆರಡು ಜೊತೆಗಳೇ ಎಂದು 1543ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಶರೀರರಚನಾಶಾಸ್ತ್ರಜ್ಞ ವೆಸೇಲಿಯಸನು ಸಾರಿದನು. ಕಥೆಯನ್ನು ಅಕ್ಷರಶಃ ನಂಬಿದರೂ, ತಂದೆಯ ದೇಹದಿಂದ ತೆಗೆದ ಎಲುಬು ಮಗನಲ್ಲಿ ಕಡಿಮೆಯಾಗಬೇಕಾದುದಿಲ್ಲ! ಗ್ರಂಥಪ್ರಾಮಾಣ್ಯದ ಬಲವು ಪಂಡಿತರಲ್ಲಿಯೂ ಕಡಿಮೆಯೇನಿರಲಿಲ್ಲ. ಕೆಳದವಡೆಯು ಎರಡು ಎಲುಬುಗಳ ಜೋಡಣೆಯೆಂದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನನು ಬರೆದುದನ್ನು ಶತಮಾನಗಳವರೆಗೆ ಒಪ್ಪುತ್ತ ಬಂದಿದ್ದರು. ವೆಸೇಲಿಯಸನಿಗಿಂತ ಮುನ್ನೂರು ವರ್ಷಗಳಿಗೂ ಮೊದಲು, ಈಜಿಪ್ಟಿನ ಘೋರ ಕ್ಷಾಮದಲ್ಲಿ ಮಡಿದವರ ರಾಶಿಬಿದ್ದ ಎಲುಬುಗಳನ್ನು ಕಣ್ಣಾರೆ ಪರೀಕ್ಷಿಸಿದ ಬಾಗ್ದಾದಿನ ವೈದ್ಯ ಅಬ್ದುಲ್ ಲತೀಫನು ಅದು ಕೂಡಿಕೆಯೇ ಇಲ್ಲದ ಒಂದೇ ಎಲುಬೆಂದು ಬರೆದಿಟ್ಟಿದ್ದನು.

ಬೆರಳಿನ ನೆಟಿಗೆ ಮುರಿದರೆ ಸಂಧಿವಾತ ಬರುವುದೆಂಬ ಹಿರಿಯರ ಗದರಿಕೆಗೂ ಆಧಾರವಿಲ್ಲ. ಆ ಶಬ್ದವು ಎಲುಬಿನದಲ್ಲ, ಕೀಲಿನ ದ್ರವದಲ್ಲಿನ ಅನಿಲದ ಗುಳ್ಳೆಯದು. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಐವತ್ತು ವರ್ಷಗಳ ಕಾಲ ಎಡಗೈಯ ನೆಟಿಗೆಯನ್ನು ಮಾತ್ರ ಮುರಿದು, ಎರಡು ಕೈಗಳಲ್ಲಿಯೂ ಭೇದವಿಲ್ಲವೆಂದು 1998ರಲ್ಲಿ ವರದಿಮಾಡಿದರು. ಒಬ್ಬನ ಪ್ರಯೋಗದಿಂದ ಸಿದ್ಧಾಂತವಾಗದು ನಿಜ, ಆದರೆ ಹೆಚ್ಚು ಜನರನ್ನು ನೋಡಿದವರಿಗೂ ಸಂಬಂಧವೇನೂ ಕಾಣಲಿಲ್ಲ.

ಇವೆಲ್ಲಕ್ಕಿಂತ ಹಾನಿಕರವಾದುದು, ನಡೆದಷ್ಟೂ ಮೂಳೆ ಸವೆಯುವುದೆಂಬ ಭಯ. ದೇಹವು ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುತ್ತ, ವರ್ಷವೊಂದಕ್ಕೆ ಸುಮಾರು ಹತ್ತನೆಯ ಒಂದು ಪಾಲನ್ನು ನವೀಕರಿಸುತ್ತದೆ. ಭಾರ ಬಿದ್ದೆಡೆ ಅದು ದೃಢವಾಗುತ್ತದೆ, ಭಾರ ತಪ್ಪಿದಲ್ಲಿ ಕ್ಷಯಿಸುತ್ತದೆ. ತೂಕವೇ ತಿಳಿಯದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆಯು ತಿಂಗಳಿಗೆ ಶೇಕಡಾ 1ರಷ್ಟು ಸಾಂದ್ರತೆಯನ್ನು ಕಳೆದುಕೊಳ್ಳುವುದೂ, ದೀರ್ಘಕಾಲ ಹಾಸಿಗೆ ಹಿಡಿದವರ ಮೂಳೆ ಬಡವಾಗುವುದೂ ಇದರಿಂದಲೇ. ಆದುದರಿಂದ, ವೈದ್ಯರು ಬೇಡವೆಂದಿರದ ಪಕ್ಷದಲ್ಲಿ, ಮನೆಯ ಅಜ್ಜ ಅಜ್ಜಿಯರನ್ನು ಮೂಳೆ ಸವೆದೀತೆಂದು ಕುರ್ಚಿಗೆ ಕಟ್ಟಿಹಾಕದೆ, ದಿನವೂ ಕೈಲಾದಷ್ಟು ದೂರ ನಡೆಯಗೊಡಿರಿ.